ಜೋಮು ಹಿಡಿದ ಕೈಯ ಲೆಕ್ಕ

ಅಹಮದಾಬಾದಿನ ವಟ್ವಾ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಶೆಡ್. ಮಧ್ಯಾಹ್ನದ ಚಹಾ ಬಂತು. ಎರಕದ ತುಂಡುಗಳ ಅಂಚು ಉಜ್ಜುತ್ತಿದ್ದ ಬಿಹಾರದ ಹುಡುಗ ಗ್ರೈಂಡರ್ ಕೆಳಗಿಟ್ಟ. ಚಹಾವನ್ನು ಸಾಸರಿಗೆ ಸುರಿದುಕೊಂಡು ಎರಡೂ ಕೈಯಲ್ಲಿ ಹಿಡಿದು ಕುಡಿದ. ಒಂದೇ ಕೈಯಾದರೆ ಜಾರುತ್ತದಂತೆ. 'ಝುನ್‌ಝುನಿ' ಎಂದ. ನಮ್ಮ ಕಡೆ ಜೋಮು ಅನ್ನುವುದು ಅದನ್ನೇ. ಕೂತು ಕೂತು ಜೋಮು ಹಿಡಿದ ಕಾಲನ್ನು ಕೊಡವಿದರೆ ಸರಿಹೋಗುತ್ತದೆ. ಇವನ ಕೈಯದು ರಾತ್ರಿ ಮಲಗಿದರೂ ಬಿಡುವುದಿಲ್ಲ.

ಅದುರುವ ಯಂತ್ರ ಹಿಡಿದವರಿಗೆ ಬರುವ ಈ ಕಾಯಿಲೆಯನ್ನು ವೈದ್ಯರು ಬಹುಕಾಲ ಗುರುತಿಸಿದ್ದು 'ಬಿಳಿ ಬೆರಳು' ಎಂದು. 1918ರಲ್ಲಿ ಅಮೆರಿಕದ ವೈದ್ಯೆ ಆಲಿಸ್ ಹ್ಯಾಮಿಲ್ಟನ್ ಇಂಡಿಯಾನಾದ ಬೆಡ್‌ಫರ್ಡ್‌ನಲ್ಲಿ ಗಾಳಿಯ ಸುತ್ತಿಗೆ ಹಿಡಿದು ಕಲ್ಲು ಕೆತ್ತುವವರನ್ನು ಪರೀಕ್ಷಿಸಿದ್ದು ಕೊರೆಯುವ ಚಳಿಯಲ್ಲಿ. ಚಳಿಗೆ ರಕ್ತನಾಳ ಮುದುಡಿ ಅವರ ಬೆರಳು ಸುಣ್ಣ ಬಳಿದಂತಾಗುತ್ತಿತ್ತು. ವಟ್ವಾದಂಥ ಸೆಕೆಯ ಊರುಗಳಲ್ಲಿ ಬೆರಳು ಬಿಳುಚುವುದು ಅಪರೂಪ. ಪೆಟ್ಟು ಹೆಚ್ಚಾಗಿ ನರಕ್ಕೆ ಬೀಳುತ್ತದೆ: ಜೋಮು, ಮಂದವಾದ ಸ್ಪರ್ಶ, ಸಡಿಲವಾದ ಹಿಡಿತ. ಕಣ್ಣಿಗೆ ಕಾಣುವ ಗುರುತಿಲ್ಲದ ಮೇಲೆ ಹುಡುಗನ ಮಾತನ್ನು ನಂಬುವವರು ಯಾರು? ಅದಕ್ಕೇ ನಮ್ಮಲ್ಲಿ ಯಂತ್ರದ ಅದುರಿನ ಅಳತೆ ಬೇಕೇ ಬೇಕು.

ಅಳೆಯುವ ಬಗೆ ಐಎಸ್‌ಒ 5349 ಮಾನದಂಡದಲ್ಲಿದೆ. ಸಕ್ಕರೆ ಅಚ್ಚಿನಷ್ಟು ಪುಟ್ಟ ಸಂವೇದಕವನ್ನು ಗ್ರೈಂಡರಿನ ಹಿಡಿಗೆ, ಕೈ ಕೂರುವ ಜಾಗದ ಪಕ್ಕದಲ್ಲೇ, ಬಿಗಿಯಾಗಿ ಕಟ್ಟುತ್ತಾರೆ. ಅದು ಮೂರೂ ದಿಕ್ಕಿನ ಅದುರನ್ನು ಹಿಡಿಯುತ್ತದೆ. ಆದರೆ ನಿಜವಾದ ಕಷ್ಟ ಹೊತ್ತಿನ ಲೆಕ್ಕದಲ್ಲಿದೆ. 'ದಿನವಿಡೀ ಗ್ರೈಂಡಿಂಗ್' ಎನ್ನುತ್ತಾರೆ. ತುಂಡು ಎತ್ತಿಡುವುದು, ಚಕ್ರ ಬದಲಿಸುವುದು ಎಲ್ಲ ಅದರಲ್ಲೇ ಸೇರಿರುತ್ತದೆ. ಹಾಗಾಗಿ ಒಂದು ತುಂಡಿಗೆ ಎಷ್ಟು ಸೆಕೆಂಡ್ ಕೈ ಅದುರಿತು, ದಿನಕ್ಕೆ ಎಷ್ಟು ತುಂಡು ಎಂದು ಸ್ಟಾಪ್‌ವಾಚ್ ಹಿಡಿದು ಗುಣಿಸಬೇಕು. ಐರೋಪ್ಯ ಒಕ್ಕೂಟದ 2002ರ ನಿರ್ದೇಶನದಂತೆ ಎಂಟು ಗಂಟೆಯ ದಿನಕ್ಕೆ 2.5 ಮೀ/ಸೆ² ದಾಟಿದರೆ ಮಾಲೀಕ ಕ್ರಮ ಕೈಗೊಳ್ಳಬೇಕು, 5 ದಾಟಲೇಬಾರದು. ಹಿಡಿಯಲ್ಲಿ 8 ಬಂತು ಅನ್ನಿ. ಸುಮಾರು 47 ನಿಮಿಷಕ್ಕೆ ಮೊದಲ ಗೆರೆ, ಮೂರು ಗಂಟೆ ಏಳು ನಿಮಿಷಕ್ಕೆ ಎರಡನೆಯದು. ಊಟದ ಗಂಟೆ ಹೊಡೆಯುವ ಮೊದಲೇ ದಿನದ ಪಾಲು ಮುಗಿದಿರಬಹುದು.

2025ರವರೆಗೆ ಜಾರಿಯಲ್ಲಿದ್ದ ನಮ್ಮ 1948ರ ಕಾರ್ಖಾನೆ ಕಾಯ್ದೆ ವರದಿ ಮಾಡಲೇಬೇಕೆಂದು ಪಟ್ಟಿ ಮಾಡಿದ್ದ ಕಾಯಿಲೆಗಳು 29. ಸದ್ದಿನಿಂದ ಬರುವ ಕಿವುಡು ಅದರಲ್ಲಿತ್ತು, ಅದೇ ಯಂತ್ರ ಕೈಗೆ ಮಾಡುವ ಹಾನಿ ಇರಲಿಲ್ಲ. ಇದು ನನಗೆ ಅನ್ಯಾಯವಾಗಿಯೇ ಕಾಣುತ್ತದೆ. ಈ ಬಗ್ಗೆ ಕೇಳಲು ದೂರ ಹೋಗಬೇಕಿಲ್ಲ: ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಇರುವುದು ಇದೇ ಅಹಮದಾಬಾದಿನ ಮೇಘಾಣಿನಗರದಲ್ಲಿ. ಅದರ ದಕ್ಷಿಣದ ಕೇಂದ್ರ ನಮ್ಮ ಬೆಂಗಳೂರಿನ ಹೊರವಲಯದಲ್ಲಿದೆ.

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಲ್ಲೂ ಎರಕದ ಅಂಚು ತಾನಾಗಿ ನುಣುಪಾಗುವುದಿಲ್ಲ, ಅಲ್ಲೂ ಯಾರದೋ ಕೈ ಅದುರುತ್ತಿರುತ್ತದೆ. ಮಾಪಕ ಬರುವವರೆಗೂ ಕಾಯಬೇಕಿಲ್ಲ. ಸವೆದ ಚಕ್ರವನ್ನು ಇವತ್ತೇ ಬದಲಿಸಬಹುದು, ಗ್ರೈಂಡರನ್ನು ಇಬ್ಬರು ಸರದಿಯ ಮೇಲೆ ಹಿಡಿಯಬಹುದು. ತಪಾಸಣೆಗೆ ಬಂದ ವೈದ್ಯರು ಕಿವಿ, ಎದೆ ನೋಡಿದ ಮೇಲೆ, 'ಅಂಗಿಯ ಗುಂಡಿ ಹಾಕಿ ತೋರಿಸಪ್ಪಾ' ಎಂದು ಒಂದು ಮಾತು ಕೇಳಬಹುದು.