ಒಕ್ಕಣ್ಣಿನ ಕುದುರೆ ಮತ್ತು ನಮ್ಮ ರೆಸ್ಯೂಮೆ

ಶಿವಾಜಿನಗರದಲ್ಲಿ ಬಸ್ ಇಳಿದವರಿಗೆಲ್ಲ ಸೇಂಟ್ ಮೇರೀಸ್ ಬೆಸಿಲಿಕಾದ ಚೂಪು ಗೋಪುರ ಗೊತ್ತು. ಸೆಪ್ಟೆಂಬರ್ 8ರ ಹಬ್ಬಕ್ಕೆ ಕಾವಿ ತೊಟ್ಟು ಬರುವ ಭಕ್ತರನ್ನೂ, ಸೀರೆ ಉಟ್ಟ ಮಾತೆಯನ್ನೂ ನೀವು ನೋಡಿರಬಹುದು. ಈಗಿರುವ ಕಟ್ಟಡ 1882ರದು. ಆದರೆ ಅದರ ಚೂಪು ಕಮಾನುಗಳ ಗೋಥಿಕ್ ಶೈಲಿ ಯೂರೋಪಿನ ಮಧ್ಯಯುಗದ್ದು. ಆ ಕಾಲದಲ್ಲಿ ಮರಳಿ ಬಂದದ್ದು ಕಮಾನು ಮಾತ್ರವಲ್ಲ. 1879ರಲ್ಲಿ ಪೋಪ್ ಹದಿಮೂರನೇ ಲಿಯೊ ಒಂದು ಪತ್ರ ಹೊರಡಿಸಿ, ಕ್ಯಾಥೊಲಿಕ್ ವಿದ್ಯಾಲಯಗಳಲ್ಲಿ ಹದಿಮೂರನೇ ಶತಮಾನದ ಒಬ್ಬ ಸನ್ಯಾಸಿಯ ತತ್ವಶಾಸ್ತ್ರವನ್ನು ಮತ್ತೆ ಓದಿಸಬೇಕೆಂದರು. ಹಳೆಯ ಕಮಾನು ಕಲ್ಲಿನಲ್ಲಿ ಎದ್ದ ಹೊತ್ತಿಗೇ ಹಳೆಯ ತರ್ಕ ತರಗತಿಯಲ್ಲಿ ಎದ್ದಿತು.

ಆ ಸನ್ಯಾಸಿಯ ಹೆಸರು ಥಾಮಸ್ ಅಕ್ವಿನಾಸ್. ಸುಮಾರು 1225ರಲ್ಲಿ ಇಟಲಿಯಲ್ಲಿ ಹುಟ್ಟಿ, ಪ್ಯಾರಿಸ್ ಮತ್ತು ನೇಪಲ್ಸ್‌ನಲ್ಲಿ ಪಾಠ ಹೇಳಿ, 1274ರಲ್ಲಿ ತೀರಿಕೊಂಡವರು. ದಪ್ಪ ಮೈ, ಕಡಿಮೆ ಮಾತು. ಸಹಪಾಠಿಗಳು ‘ಮೂಕ ಎತ್ತು’ ಎಂದು ಗೇಲಿ ಮಾಡುತ್ತಿದ್ದರಂತೆ. ಅವರ ದೊಡ್ಡ ಪುಸ್ತಕ ‘ಸುಮ್ಮಾ ಥಿಯಾಲಜಿಯೇ’. ಹೆಸರು ಸುಮ್ಮಾ ಎಂದಿದ್ದರೂ ಸುಮ್ಮನೆ ಬರೆದದ್ದಲ್ಲ, ಐನೂರಕ್ಕೂ ಹೆಚ್ಚು ಪ್ರಶ್ನೆಗಳ ರಾಶಿ ಅದು. ತಮಾಷೆಯೆಂದರೆ ಮುನ್ನುಡಿಯಲ್ಲೇ ಅವರು ಇದು ಹೊಸದಾಗಿ ಕಲಿಯುವವರಿಗೆ ಬರೆದದ್ದು ಎನ್ನುತ್ತಾರೆ. ನಮ್ಮಂಥ ಫ್ರೆಷರ್‌ಗಳಿಗೆ!

ನಾನು ಕ್ರೈಸ್ತನಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಪುಸ್ತಕದ ಕ್ರಮ. ಅಕ್ವಿನಾಸ್ ಮೊದಲು ಒಂದು ಪ್ರಶ್ನೆ ಇಡುತ್ತಾರೆ. ಕೂಡಲೇ ತಮ್ಮ ಉತ್ತರ ಹೇಳುವುದಿಲ್ಲ. ತಮ್ಮ ಅಭಿಪ್ರಾಯಕ್ಕೆ ವಿರುದ್ಧವಾದ ವಾದಗಳನ್ನೇ ಮೊದಲು, ಒಂದು, ಎರಡು, ಮೂರು ಎಂದು ಬರೆಯುತ್ತಾರೆ. ಆಮೇಲೆ ‘ಆದರೆ ಇದಕ್ಕೆ ಎದುರಾಗಿ’ ಎಂದು ಒಂದು ಮಾತು. ಅನಂತರ ತಮ್ಮ ಉತ್ತರ. ಕೊನೆಗೆ ಮೊದಲಿನ ಒಂದೊಂದು ಆಕ್ಷೇಪಕ್ಕೂ ಬಿಡದೆ ಸಮಾಧಾನ. ನಮ್ಮ ಶಾಸ್ತ್ರಗ್ರಂಥಗಳ ಪೂರ್ವಪಕ್ಷ, ಸಿದ್ಧಾಂತದ ಪದ್ಧತಿ ಗೊತ್ತಿರುವವರಿಗೆ ಇದು ನೆಂಟರ ಮನೆಯಂತೆ ಕಾಣುತ್ತದೆ. ಅದೇ ಹದಿಮೂರನೇ ಶತಮಾನದಲ್ಲಿ ಉಡುಪಿಯಲ್ಲಿ ಮಧ್ವಾಚಾರ್ಯರೂ ವಾದ ಮಾಡುತ್ತಿದ್ದರು ಎಂಬುದನ್ನು ನೆನೆದರೆ ಖುಷಿಯಾಗುತ್ತದೆ.

ಇನ್ನೊಂದು ವಿಷಯ. ಅಕ್ವಿನಾಸ್ ತಮ್ಮವರ ಮಾತನ್ನಷ್ಟೇ ಕೇಳಿದವರಲ್ಲ. ಗ್ರೀಕನಾದ ಅರಿಸ್ಟಾಟಲ್, ಮುಸ್ಲಿಂ ಚಿಂತಕರಾದ ಇಬ್ನ್ ಸೀನಾ ಮತ್ತು ಇಬ್ನ್ ರುಶ್ದ್, ಯಹೂದಿ ಪಂಡಿತ ಮೈಮೊನಿಡೀಸ್ ಎಲ್ಲರೂ ಆ ಪುಟಗಳಲ್ಲಿ ಬರುತ್ತಾರೆ. ಅರಿಸ್ಟಾಟಲ್‌ನನ್ನು ‘ದಾರ್ಶನಿಕ’ ಎಂದೂ ಇಬ್ನ್ ರುಶ್ದ್‌ರನ್ನು ‘ವ್ಯಾಖ್ಯಾನಕಾರ’ ಎಂದೂ ಕರೆದರೆ ಸಾಕು, ಓದುಗರಿಗೆ ಯಾರೆಂದು ತಿಳಿಯುತ್ತಿತ್ತು. ಚರ್ಚು, ಮಸೀದಿ, ಗುಡಿಗಳ ನಡುವೆ ತರಕಾರಿ ಚೌಕಾಸಿ ನಡೆಯುವ ಶಿವಾಜಿನಗರದಲ್ಲಿ ಓಡಾಡುವವರಿಗೆ ಇದು ವಿಚಿತ್ರವೇನಲ್ಲ.

ಇದೆಲ್ಲ ಇವತ್ತು ಯಾವ ಕೆಲಸಕ್ಕೆ ಬರುತ್ತದೆ? ನನಗೆ ಬಂದದ್ದು ಹೀಗೆ. ನಾನು ಕೆ.ಆರ್. ಪುರದ ಪಿ.ಜಿ.ಯೊಂದರಲ್ಲಿದ್ದು ಕೆಲಸ ಹುಡುಕುತ್ತಿದ್ದೇನೆ. ಒಬ್ಬ ಮಧ್ಯವರ್ತಿ ಹೇಳಿದ: ‘ಎರಡು ವರ್ಷದ ಎಕ್ಸ್‌ಪೀರಿಯನ್ಸ್ ಲೆಟರ್, ಪೇ ಸ್ಲಿಪ್ ಎಲ್ಲಾ ರೆಡಿ ಮಾಡಿಕೊಡ್ತೀವಿ ಬ್ರೋ. ವೆರಿಫಿಕೇಶನ್‌ಗೆ ಫೋನ್ ಬಂದ್ರೆ ನಾವೇ ಮಾತಾಡ್ತೀವಿ.’ ಇಂಥ ಮಾತು ಕೇಳದ ಉದ್ಯೋಗಾಕಾಂಕ್ಷಿ ಈ ಊರಿನಲ್ಲಿ ಅಪರೂಪ. ಆ ರಾತ್ರಿ ನಾನು ಹಾಳೆ ತೆಗೆದುಕೊಂಡು ಅಕ್ವಿನಾಸ್ ಕ್ರಮದಲ್ಲೇ ಬರೆದೆ.

ಸುಳ್ಳು ಅನುಭವ ತೋರಿಸಬಹುದೆಂದು ತೋರುತ್ತದೆ. ಒಂದು, ಎಲ್ಲರೂ ತೋರಿಸುತ್ತಾರೆ, ತೋರಿಸದವನು ಹಿಂದೆ ಬೀಳುತ್ತಾನೆ. ಎರಡು, ಆ ಕೆಲಸ ಮಾಡುವ ತಾಕತ್ತು ನನಗೆ ನಿಜವಾಗಿ ಇದೆ, ಆದ್ದರಿಂದ ಯಾರಿಗೂ ನಷ್ಟವಿಲ್ಲ. ಮೂರು, ಜಾಹೀರಾತಿನಲ್ಲಿ ಒಂದು ಸಂಬಳ, ಕೈಗೆ ಇನ್ನೊಂದು ಸಂಬಳ ಕೊಡುವವರೂ ಸುಳ್ಳೇ ಹೇಳುತ್ತಾರೆ. ಬರೆದು ನೋಡಿದಾಗ ಮೂರೂ ಗಟ್ಟಿಯಾಗಿಯೇ ಕಂಡವು. ಎದುರಾಳಿಯನ್ನು ಬಲಹೀನ ಮಾಡಿ ಗೆಲ್ಲಲು ಈ ಕ್ರಮ ಬಿಡುವುದಿಲ್ಲ.

ಎದುರು ಮಾತಿಗೆ ಸುಮ್ಮಾದ ಮಾರಾಟದ ಅಧ್ಯಾಯಕ್ಕೆ ಹೋದೆ. ಸಂದರ್ಶನಕ್ಕೆ ಕೂತ ನಾನೂ ಒಬ್ಬ ಮಾರಾಟಗಾರನೇ ತಾನೆ? ಮಾರುವವನು ಸರಕಿನ ದೋಷ ಹೇಳಲೇಬೇಕೇ ಎಂಬುದು ಅಲ್ಲಿನ ಪ್ರಶ್ನೆ. ಅಕ್ವಿನಾಸ್ ಎರಡು ಬಗೆ ಮಾಡುತ್ತಾರೆ. ಕಣ್ಣಿಗೆ ಕಾಣದ ದೋಷದಿಂದ ಕೊಂಡವನಿಗೆ ನಷ್ಟವೋ ಅಪಾಯವೋ ಆಗುವುದಿದ್ದರೆ ಹೇಳಲೇಬೇಕು. ಕುಂಟ ಕುದುರೆಯನ್ನು ಓಟದ ಕುದುರೆಯೆಂದೋ, ಬೀಳುವ ಮನೆಯನ್ನು ಗಟ್ಟಿ ಮನೆಯೆಂದೋ ಮಾರುವುದು ಮೋಸ. ಆದರೆ ಕುದುರೆಗೆ ಒಂದೇ ಕಣ್ಣಿದೆ ಎನ್ನಿ. ಅದು ನೋಡಿದವರಿಗೆಲ್ಲ ಕಾಣುತ್ತದೆ. ಬೆಲೆಯಲ್ಲಿ ತಕ್ಕಷ್ಟು ಇಳಿಸಿದರೆ ಸಾಕು, ಕೂಗಿ ಹೇಳುವ ಕರ್ತವ್ಯವಿಲ್ಲ.

ಇಲ್ಲಿ ನನಗೆ ದಾರಿ ಕಂಡಿತು. ಓದು ಮುಗಿದ ಮೇಲಿನ ಖಾಲಿ ವರ್ಷ ನನ್ನ ಒಕ್ಕಣ್ಣಿನ ಕುದುರೆ. ಇಸವಿ ನೋಡಿದವರಿಗೆ ಅದು ಕಾಣುತ್ತದೆ. ಅದಕ್ಕಾಗಿ ತಲೆ ತಗ್ಗಿಸಬೇಕಿಲ್ಲ, ಫ್ರೆಷರ್ ಸಂಬಳ ಒಪ್ಪಿಕೊಂಡರೆ ಬೆಲೆಯೂ ಇಳಿಯಿತು. ಇಲ್ಲದ ಎರಡು ವರ್ಷದ ಅನುಭವ ಮಾತ್ರ ಕುಂಟ ಕುದುರೆಯ ವ್ಯವಹಾರ. ಸುಳ್ಳಿನ ಬಗ್ಗೆ ಅಕ್ವಿನಾಸ್ ಕಟ್ಟುನಿಟ್ಟು, ಒಳ್ಳೆಯ ಉದ್ದೇಶಕ್ಕೂ ಹೇಳಬಾರದೆನ್ನುತ್ತಾರೆ. ಆದರೆ ವಿವೇಕದಿಂದ ಸತ್ಯವನ್ನು ಹೇಳದೆ ಇಟ್ಟುಕೊಳ್ಳುವುದು ಬೇರೆ ಎಂದೂ ಬಿಡಿಸಿ ಹೇಳುತ್ತಾರೆ. ಮನೆಯ ಕಷ್ಟ, ಹಿಂದಿನ ಹನ್ನೆರಡು ತಿರಸ್ಕಾರಗಳನ್ನೆಲ್ಲ ಎಚ್.ಆರ್. ಮುಂದೆ ಬಿಚ್ಚಿಡಬೇಕಿಲ್ಲ.

ಇನ್ನು ಸಮಾಧಾನಗಳು. ಎಲ್ಲರೂ ಮಾಡಿದ ಮಾತ್ರಕ್ಕೆ ಮೋಸ ನ್ಯಾಯವಾಗುವುದಿಲ್ಲ. ತಾಕತ್ತು ಇರುವುದು ನಿಜವಾದರೆ ಅದನ್ನೇ ತೋರಿಸಬಹುದು, ಪರೀಕ್ಷೆ ಕೊಡಿ ಎಂದು ಕೇಳಬಹುದು. ಜತೆಗೆ, ನಿಜ ಹೇಳಿ ಸರದಿಯಲ್ಲಿ ನಿಂತ ಇನ್ನೊಬ್ಬನಿಗೆ ನಷ್ಟವಾಗಿಯೇ ಆಗುತ್ತದೆ. ಮೂರನೆಯದಕ್ಕೆ, ದೋಷ ಹೇಳಬೇಕೆಂಬ ನಿಯಮ ಕಂಪನಿಗೂ ಅಷ್ಟೇ ಅನ್ವಯ. ಬಾಂಡ್, ರಾತ್ರಿ ಪಾಳಿ, ಸಂಬಳ ಕಡಿತ ಮುಚ್ಚಿಟ್ಟು ಸಹಿ ಹಾಕಿಸಿಕೊಳ್ಳುವುದೂ ಕುಂಟ ಕುದುರೆಯನ್ನೇ ಮಾರಿದಂತೆ. ಅವರ ಸುಳ್ಳು ನನಗೆ ಪರವಾನಗಿ ಅಲ್ಲ, ಸಹಿಗೆ ಮುಂಚೆ ನಾಲ್ಕು ಪ್ರಶ್ನೆ ಕೇಳಲು ಕಾರಣ.

ತರ್ಕ ಹೇಳಿದಷ್ಟಕ್ಕೆ ಬೇಸರ ಹೋಗುವುದಿಲ್ಲ. ಅದೂ ಈ ಸನ್ಯಾಸಿಗೆ ಗೊತ್ತಿತ್ತು. ದುಃಖ ಕಡಿಮೆಯಾಗುವ ಬಗೆ ಹೇಗೆ ಎಂದು ಒಂದು ಇಡೀ ಪ್ರಶ್ನೆಯಿದೆ. ಮನಸ್ಸಿಗೆ ಹಿತವಾದ ಏನಾದರೊಂದು, ಅಳು, ಗೆಳೆಯರ ಅನುಕಂಪ, ಸತ್ಯದ ಚಿಂತನೆ, ಕೊನೆಗೆ ನಿದ್ದೆ ಮತ್ತು ಸ್ನಾನ! ಒಳಗೆ ಅದುಮಿಟ್ಟ ನೋವು ಹೆಚ್ಚು ಕಾಡುತ್ತದೆ, ಅತ್ತರೆ ಹೊರಗೆ ಹರಿಯುತ್ತದೆ ಎಂಬುದು ಅವರ ವಿವರಣೆ. ಗೆಳೆಯರು ಜತೆಗೆ ನೊಂದರೆ ಭಾರ ಹಂಚಿದಂತಾಗುತ್ತದೆ, ತನ್ನನ್ನು ಪ್ರೀತಿಸುವವರಿದ್ದಾರೆ ಎಂಬ ಅರಿವೂ ಆಗುತ್ತದೆ. ‘ಎಣ್ಣೆ ಹಚ್ಚಿ ತಲೆಗೆ ನೀರು ಹಾಕಿಕೊಂಡು ಮಲಗು, ಎಲ್ಲ ಸರಿಹೋಗುತ್ತೆ’ ಎನ್ನುವ ನಮ್ಮಜ್ಜಿ ಸುಮ್ಮಾ ಓದಿದವರಲ್ಲ.

ಹಾಗೆಂದು ಅಕ್ವಿನಾಸ್ ಹೇಳಿದ್ದೆಲ್ಲ ಒಪ್ಪುವಂಥದಲ್ಲ. ಹಟ ಬಿಡದ ಧರ್ಮವಿರೋಧಿಗಳಿಗೆ ಮರಣದಂಡನೆ ಸರಿ ಎಂದವರು ಅವರು. ಹೆಂಗಸರ ಬಗೆಗಿನ ಅವರ ಮಾತುಗಳು ಇಂದು ಓದಿದರೆ ಮುಜುಗರವಾಗುತ್ತದೆ. ಆದರೆ ಅವರನ್ನು ತಿದ್ದುವ ಹತಾರವನ್ನೂ ಅವರೇ ಬಿಟ್ಟುಹೋಗಿದ್ದಾರೆ. ಆಕ್ಷೇಪ ಎತ್ತಿ, ಕಾರಣ ಕೊಡಿ, ಅಷ್ಟೇ. ಅವರು ಸತ್ತ ಮೂರು ವರ್ಷಕ್ಕೆ, 1277ರಲ್ಲಿ, ಪ್ಯಾರಿಸ್‌ನ ಬಿಷಪ್ 219 ವಾದಗಳನ್ನು ಖಂಡಿಸಿದಾಗ ಆ ಪಟ್ಟಿ ಅಕ್ವಿನಾಸ್ ವಿಚಾರಗಳನ್ನೂ ತಟ್ಟಿತ್ತು. 1323ರಲ್ಲಿ ಅವರಿಗೆ ಸಂತ ಪದವಿ ಸಿಕ್ಕಿತು. ಪ್ರಶ್ನೆ ಕೇಳುವವರನ್ನು ಕಂಡರೆ ಹೆದರುವುದು ಹೊಸದೇನಲ್ಲ.

ಮುಂದಿನ ಗ್ರೂಪ್ ಡಿಸ್ಕಷನ್‌ಗೆ ಹೋಗುವ ಮುನ್ನ, ವಾಟ್ಸ್ಆ್ಯಪ್ ಗುಂಪಿನಲ್ಲಿ ಜಗಳಕ್ಕೆ ಇಳಿಯುವ ಮುನ್ನ ಒಮ್ಮೆ ಪ್ರಯತ್ನಿಸಿ. ನಿಮ್ಮ ಮಾತಿಗೆ ಎದುರಾದ ಮೂರು ಗಟ್ಟಿ ವಾದಗಳನ್ನು ನೀವೇ ಬರೆಯಿರಿ. ಬರೆಯಲು ಆಗದಿದ್ದರೆ ವಿಷಯ ಇನ್ನೂ ಅರ್ಥವಾಗಿಲ್ಲ ಎಂದು ತಿಳಿಯಿರಿ. ನನ್ನ ರೆಸ್ಯೂಮೆ ಈಗಲೂ ಒಂದೇ ಪುಟ. ಖಾಲಿ ವರ್ಷ ಖಾಲಿಯಾಗಿಯೇ ಇದೆ. ಯಾರಾದರೂ ಕೇಳಿದರೆ ಉತ್ತರ ನನ್ನ ಹತ್ತಿರ ಇದೆ, ಆ ಉತ್ತರ ಹೇಳಲು ಮಧ್ಯವರ್ತಿಯ ಫೋನ್ ಬೇಕಾಗಿಲ್ಲ.