ಕೀ ತಿರುಗಿಸಿದರೆ ಬರೀ ‘ಟಕ್’

2019ರ ಆಗಸ್ಟ್. ಉಕ್ಕಿದ ಕಾವೇರಿ ಕೊಡಗಿನ ನೆಲ್ಯಹುದಿಕೇರಿಯ ದಂಡೆಯ ಮನೆಗಳನ್ನೇ ಕೆಡವಿತು. ಅಂಥ ಕೆಸರುನೀರು ಎಂಜಿನ್ನಿನ ಕೆಳಭಾಗದಲ್ಲಿ ಕೂರುವ ಸ್ಟಾರ್ಟರ್ ಮೋಟರಿಗೆ ಶತ್ರು. ಮಳೆಗಾಲದ ತೇವವೂ ಅಷ್ಟೆ.

ಕೀ ತಿರುಗಿಸಿದಾಗ ಬರೀ ‘ಟಕ್’ ಎಂದರೆ ಕೂಡಲೇ ಸ್ಟಾರ್ಟರನ್ನು ದೂರುವುದು ತಪ್ಪು. ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ಟರ್ಮಿನಲ್‌ಗೆ ಕಟ್ಟಿದ ಪುಡಿ, ಸಡಿಲವಾದ ಅರ್ಥಿಂಗ್ ವೈರು ಕೂಡ ಇದೇ ಸದ್ದು ಹೊರಡಿಸುತ್ತವೆ.

ಅವೆಲ್ಲ ಸರಿಯಿದ್ದರೆ ಸ್ಟಾರ್ಟರ್ ಬದಲಿಸಲು ಕಾರು ಸಮತಟ್ಟು ನೆಲಕ್ಕೆ ಬರಬೇಕು. ಕೊಡಗಿನ ಇಳಿಜಾರು ಅಂಗಳದಲ್ಲಿ ಈ ಕೆಲಸ ಬೇಡವೇ ಬೇಡ! ಹ್ಯಾಂಡ್‌ಬ್ರೇಕ್, ಚಕ್ರಕ್ಕೆ ಅಡ್ಡಗಲ್ಲು. ಕೆಳಗೆ ನುಸುಳುವುದಾದರೆ ಜ್ಯಾಕ್ ಸಾಲದು, ಗಟ್ಟಿ ಸ್ಟ್ಯಾಂಡ್ ಇರಲೇಬೇಕು.

ಮೊದಲು ಬಿಚ್ಚುವುದು ಬ್ಯಾಟರಿಯ ನೆಗೆಟಿವ್. ಸ್ಟಾರ್ಟರಿನ ದಪ್ಪ ಕೇಬಲ್ ನೇರ ಬ್ಯಾಟರಿಯಿಂದ ಬರುತ್ತದೆ. ಕೀ ತೆಗೆದರೂ ಅದರಲ್ಲಿ ಕರೆಂಟ್ ಇರುತ್ತದೆ, ಸ್ಪ್ಯಾನರ್ ತಗುಲಿದರೆ ಕಿಡಿ ಹಾರುತ್ತದೆ.

ಆಮೇಲೆ ಆ ಕೇಬಲ್, ಸೊಲೆನಾಯ್ಡ್ ಸ್ವಿಚ್ಚಿನ ಸಣ್ಣ ವೈರು, ಹೆಚ್ಚಿನ ಕಾರುಗಳಲ್ಲಿ ಎರಡೋ ಮೂರೋ ಬೋಲ್ಟ್. ಮೋಟರ್ ಭಾರವಿರುತ್ತದೆ, ಕೊನೆಯ ಬೋಲ್ಟಿಗೆ ಮುನ್ನ ಕೈ ಆನಿಸಿರಬೇಕು.



ಹೊಸ ಮೋಟರಿನ ಗೇರ್ ಹಲ್ಲುಗಳನ್ನು ಹಳೆಯದರ ಪಕ್ಕದಲ್ಲಿಟ್ಟು ಎಣಿಸಿದ ಮೇಲೆಯೇ ಜೋಡಣೆ. ನೆಗೆಟಿವ್ ಕೊನೆಗೆ.