ಓರೆಯಾಗಿ ತೆಗೆದ ನಕ್ಷೆಯ ಚಿತ್ರ

ಕೋಗಳಿ ಸೀಮೆಯ ರೈತರಲ್ಲಿ ಹಲವರು ಜಮೀನಿನ ನಕ್ಷೆಯ ಚಿತ್ರವನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳುವುದುಂಟು. ಓರೆಯಾಗಿ ತೆಗೆದರೆ ಹತ್ತಿರದ ಬದು ಉದ್ದವಾಗಿಯೂ ದೂರದ್ದು ಗಿಡ್ಡವಾಗಿಯೂ ಕಾಣುತ್ತದೆ. ಚೌಕದ ಹೊಲ ಮೊರದ ಆಕಾರ ತಾಳುತ್ತದೆ. 33 ಅಡಿ ಚದರದ ಗುಂಟೆ, ಅಂದರೆ 1,089 ಚದರ ಅಡಿ, ಒಂದು ತುದಿಯಲ್ಲಿ ದೊಡ್ಡದು, ಇನ್ನೊಂದು ತುದಿಯಲ್ಲಿ ಚಿಕ್ಕದು. ಬದುವಿನ ತಕರಾರಿನಲ್ಲಿ ಇಂಥ ಚಿತ್ರ ನಂಬಿದರೆ ಅಣ್ಣತಮ್ಮಂದಿರ ನಡುವೆ ಮಾತೇ ನಿಂತೀತು.

ಫೋನಿನ ಸ್ಕ್ಯಾನ್ ಸೌಲಭ್ಯದಲ್ಲಿ ನಾಲ್ಕು ಚುಕ್ಕೆಗಳನ್ನು ಕಾಗದದ ನಾಲ್ಕು ಮೂಲೆಗಳಿಗೆ ಸರಿಸಿದರೆ ಓರೆ ಹೋಗುತ್ತದೆ. ಹಿಡಿಯತಕ್ಕದ್ದು ಕಾಗದದ ಮೂಲೆಗಳನ್ನೇ, ಹೊಲದವನ್ನಲ್ಲ. ಸೊಟ್ಟಗಿರುವ ಹೊಲ ಸೊಟ್ಟಗೇ ಉಳಿಯಬೇಕು. ಮಡಿಕೆ ಬಿದ್ದ ಕಾಗದದ ದೋಷ ಮಾತ್ರ ಇದರಿಂದ ಹೋಗದು. ಅಂಚಿಗೆ ಭಾರವಿಟ್ಟು, ನೇರ ಮೇಲಿನಿಂದ ಮತ್ತೆ ತೆಗೆಯುವುದು ಲೇಸು. ಗಡಿಯ ಅಳತೆಗೆ ಭೂಮಾಪಕರಿಂದ ಹದ್ದುಬಸ್ತು ಮಾಡಿಸತಕ್ಕದ್ದು.